ಆಫ್ರಿಕಾಕ್ಕ ಲಿಂಕ್ ಸಿಕ್ಕದ್ದು

ನನ್ನ ಎದಿ ಡವಡವ ಅನ್ನಾಕ ದೊಡ್ಡ ಕಾರಣ ಬೇಕಾಗಿಲ್ಲ. ತೆಲುಗು ಸೀಮ್ಯಾಗಿನ ಮಕ್ತಲ್‌ನ ಸಾಲ್ಯಾಗ ಇಪ್ಪತ್ತು ವರ್ಷದಿಂದ ಕನ್ನಡದಾಗ ಸಮಾಜ ಪಾಠ ಹೇಳತೀನಿ, ಒಂದು ವರ್ಷನೂ ಫಜೀತಿ ತಪ್ಪಿಲ್ಲ. ಈ ಸಲ ಆಫ್ರಿಕಾ ಗಂಟುಬಿತ್ತು.

ನಾರಾಯಣಪೇಟೆಯಿಂದ ಶಿಕ್ಷಣ ಇಲಾಖೆ ಸಾಹೇಬ್ರು ಒಂದು ಫಾರಂ ಕಳಿಸಿದ್ರು. ಆಫ್ರಿಕಾದ ಚರಿತ್ರೆ ಪರದೆ ಮ್ಯಾಲ ತೋರಿಸಿ ಪಾಠ ಮಾಡಬೇಕು, ಕನ್ನಡದಾಗ ಸಿಗೋ ಸಾಮಗ್ರಿಗೆ ಲಿಂಕ್ ಬರೀಬೇಕು. ಆ ಖಾನೆ ಖಾಲಿ ಉಳೀತಂದ್ರ ನಮ್ಮ ಕನ್ನಡ ಸೆಕ್ಷನ್ ತೆಲುಗಿನ್ಯಾಗ ಕೂಡಿಸಿಬಿಡ್ತಾರಂತ. ಸೋಮವಾರ ಸಾಹೇಬ್ರೇ ಬರೋರು. ಹುಡುಕಿದ್ರ ಇಂಗ್ಲಿಷಿನ್ಯಾಗ ರಾಶಿ ರಾಶಿ ಐತಿ, ಕನ್ನಡದಾಗ ಸಿಕ್ಕದ್ದು ನಾಕು ಸಾಲು, ಅದೂ ಸಿಂಹದ ಬಗ್ಗೆ. ನನಗ ಊಟ ಸೇರಲಿಲ್ಲ.

ಯಾವ ಮಂಡಲ?

ಮನ್ಯಾಗ ನೆಟ್ ಕೈಕೊಡ್ತು. ಬಸ್ ಸ್ಟ್ಯಾಂಡ್ ಹಿಂದಿನ ಆನ್‌ಲೈನ್ ಸೆಂಟರಿಗೆ ಓಡಿದೆ. ಅಲ್ಲಿಗೆ ಬರೋರೆಲ್ಲ ಹೊಲದ ಕಾಗದಕ್ಕೇ ಬರ್ತಾರ, ಮಂಡಲದ (ಇಲ್ಲಿ ತಾಲೂಕಿಗೆ ಹಂಗಂತಾರ) ಹೆಸರು ಕೇಳೋ ಮಾಲಕಗ ತಲಿ ಎತ್ತಿ ನೋಡೋ ರೂಢಿನೇ ಇಲ್ಲ.

"ಆಫ್ರಿಕಾದ ಹಳೇ ಚರಿತ್ರೆ ಬೇಕಾಗಿತ್ರಿ."

"ಯಾವ ಮಂಡಲ ಬರತೈತ್ರಿ? ಮಲ್ದಕಲ್ಲೋ, ಮಾನೋಪಾಡೋ?"

"ಅಯ್ಯ, ಅದೊಂದು ಖಂಡ ರೀ!"

"ಹೊಸದಾಗಿ ಮಾಡ್ಯಾರೇನ್ರಿ? ನಮ್ಮ ಲಿಸ್ಟಿನ್ಯಾಗ ಇನ್ನಾ ಬಂದಿಲ್ಲ. ತಹಸೀಲ್ ಆಫೀಸಿಗೆ ಒಂದು ಅರ್ಜಿ ಹಾಕ್ರಿ, ಎರಡು ಫೋಟೋ ಹಚ್ಚಿ."

ಮನಿತನ ಚಲೋ ಐತಿ

ಕಡೀಕ ಒಂದು ಮ್ಯೂಸಿಯಮ್ಮಿನ ಪುಟದಾಗ ಹಳೇ ಆಫ್ರಿಕಾದ ರಾಜನ ಚಿತ್ರ ಸಿಕ್ತು. ತಲಿಮ್ಯಾಲ ಕಿರೀಟ, ಕೈಯಾಗ ಬಂಗಾರದ ಉಂಡಿ. ಫೋನಿನ್ಯಾಗ ಸಾಲಿ ಗ್ರೂಪಿಗೆ ಹಾಕೋದು ಬಿಟ್ಟು ಗಾಬರ್ಯಾಗ ಮತ್ತೊಂದು ಗ್ರೂಪಿಗೆ ಹಾಕಿಬಿಟ್ಟೆ. ಅದು ಗದ್ವಾಲದ ನಮ್ಮಕ್ಕ ಮಗಳಿಗೆ ವರ ನೋಡಾಕಂತ ಮಾಡಿದ್ದು. ಅರಗಳಿಗ್ಯಾಗ ಅಕ್ಕನ ಫೋನು.

"ತಂಗಿ, ಮನಿತನ ಚಲೋ ಕಾಣತೈತಿ. ಹುಡುಗನ ತಾಯಿ ಅದಾಳೇನು?"

"ಅಕ್ಕಾ, ಆಕಿ ಸತ್ತು ನೂರಾರು ವರ್ಷ ಆತು!"

"ಹಂಗಾರ ಅತ್ತಿ ಕಾಟ ಇಲ್ಲ ಬಿಡು. ವಯಸ್ಸು ಸ್ವಲ್ಪ ಹೆಚ್ಚಿದ್ದಂಗ ಐತಿ, ಆದ್ರೂ ಮಾತಾಡಿ ನೋಡು."

ಸೋಮವಾರ

ಬೆಳ್ಳನ ಶರ್ಟ್ ಹಾಕ್ಕೊಂಡು ಸಾಹೇಬ್ರು ಬಂದು ಕುಂತ್ರು. ಬಾಜೂಕ ಸಾಲಿ ಕಮಿಟಿಯ ಅಜ್ಜ; ಮುಂಜಾನೆ ಆತನ ಠಿಕಾಣಿ ಬೀರಪ್ಪನ ಗುಡಿ ಕಟ್ಟಿ ಅಂತ ಎಲ್ಲಾರಿಗೂ ಗೊತ್ತು. ಕುರಿ ಕಾಯೋ ಮನಿತನ, ಮೈಲಾರನ ಭಕ್ತ, ಸೊಂಟದಾಗ ಭಂಡಾರದ, ಅಂದ್ರ ದೇವರ ಅರಿಶಿಣದ ಚೀಲ ಇಲ್ದ ಹೊರಗ ಬರೋನಲ್ಲ.

ನಾನು ಇಂಗ್ಲಿಷ್ ವಿಡಿಯೋ ಹಚ್ಚಿದೆ. ಎರಡು ನಿಮಿಷಕ್ಕ ನಿಂತೇ ಹೋತು. ಪರದೆ ಮ್ಯಾಲ ಉಳಿದದ್ದು ಬಂಡೆಗಲ್ಲಿನ ಮ್ಯಾಲ ಬರದ ಒಂದು ಹಳೇ ಚಿತ್ರ: ಕೋಲು ಹಿಡಿದ ಮಂದಿ, ದನ, ಕುರಿ, ಒಂದು ನಾಯಿ. ನನ್ನ ಕೈಯಾಗೇ ಸೆಕ್ಷನ್ ಮುಳುಗಿತಲ್ಲಪ್ಪ ಅಂತ ಅಳು ಬಂತು.

ಅಷ್ಟೊತ್ತಿಗೆ ಅಜ್ಜ ಎದ್ದು ನಿಂತ. "ಅರೆ, ಇವ್ರು ನಮ್ಮ ಮಂದಿ! ಏಳುಕೋಟಿ!" ಅಂತ ಮೈಲಾರನ ಜೈಕಾರ ಹಾಕಿ ಮುಷ್ಟಿ ತುಂಬ ಭಂಡಾರ ಪರದೆಗೆ ತೂರಿದ. ಅರ್ಧ ಆಫ್ರಿಕಾಕ್ಕ ಬಿತ್ತು, ಅರ್ಧ ಸಾಹೇಬ್ರ ಶರ್ಟಿಗೆ.

ನಾನು ಗ್ವಾಡಿಗೆ ಒರಗಿ ನಿಂತೆ. ಅಜ್ಜಗ ಶರ್ಟಿನ ಖಬರೇ ಇಲ್ಲ. "ನೋಡ್ರಿ ಮಕ್ಕಳ್ರ, ಮರಿ ಹೆಗಲ ಮ್ಯಾಲ ಹೊತ್ತಾರ. ಅಂದ್ರ ದೂರದ ದಾರಿ. ಹೆಣ್ಮಕ್ಕಳೂ ಕೂಡೇ ಹೊಂಟಾರ. ಅಂದ್ರ ಲಗೂ ತಿರುಗಿ ಬರೋರಲ್ಲ."

ಸಾಹೇಬ್ರು ಅರಿಶಿಣ ಝಾಡಿಸಿಕೋತ ಕೇಳಿದ್ರು, "ಯಾಕ ಹೊಂಟಾರ ಅಜ್ಜಾ?"

"ಹುಲ್ಲು ತೀರಿ ನೀರು ಬತ್ತಿದ ಮ್ಯಾಲ ಯಾರು ಕುಂದರತಾರ ಸಾಹೇಬ್ರ? ನಾವೂ ಬ್ಯಾಸಿಗ್ಯಾಗ ರಾಜೋಳಿ ಹೊಳಿದಂಡಿಗೆ ಹೊಡಕೊಂಡು ಹೋಗಂಗಿಲ್ಲೇನು?"

ಅಷ್ಟರಾಗ ವಿಡಿಯೋಕ್ಕ ಜೀವ ಬಂತು. ಇಂಗ್ಲಿಷಿನ್ಯಾಗ ಹೇಳಿದ್ದು ನಾನು ಕನ್ನಡ ಮಾಡಿದೆ: ಮಳಿ ಹೋತು, ಹುಲ್ಲುಗಾವಲು ಮರಳುಗಾಡಾತು, ಮಂದಿ ದನಕರು ಹೊಡಕೊಂಡು ನದಿ ಕಡಿಗೆ ನಡದ್ರು. ಮಕ್ಕಳು ಅಜ್ಜನ ಕಡಿಗೆ ತಿರುಗಿ ಚಪ್ಪಾಳಿ ಹೊಡದ್ರು.

ಸಾಹೇಬ್ರು ಫಾರಂ ಇಸಕೊಂಡು ತಾವೇ ಏನೋ ಗೀಚಿ ಮೇಜಿನ ಮ್ಯಾಲ ಇಟ್ಟು ನಡದ್ರು. ಜೀಪು ಹೋದ ಮ್ಯಾಲ ತಗದು ನೋಡಿದೆ. ಖಾನೆ ಖಾಲಿ ಇರಲಿಲ್ಲ.

"ಕನ್ನಡದಲ್ಲಿ ಸಾಮಗ್ರಿ: ಇದೆ. ಲಿಂಕ್: ಬೀರಪ್ಪನ ಗುಡಿ ಕಟ್ಟೆ. ಕುರಿ ಬಿಡುವುದಕ್ಕೆ ಮುಂಚೆ ಹೋದರೆ ಮಾತ್ರ ಸಿಗುತ್ತದೆ. ಬಿಳಿ ಬಟ್ಟೆ ಬೇಡ."