ನಿಂತು ಗೆದ್ದ ಗಾಡಿ

ತಪ್ಪು ಯಾರದೂ ಅಲ್ಲ, ಸೈಕಲ್ಲುಗಳದ್ದು. ರಾಜ್ಯೋತ್ಸವದ ದಿನ ಹೊಸಪೇಟೆಯ ಆ ಓಣಿಯಲ್ಲಿ ಪ್ರತಿವರ್ಷ ಸ್ಲೋ ಸೈಕಲ್ ರೇಸ್ ನಡೆಯುತ್ತಿತ್ತು. ಎಲ್ಲರಿಗಿಂತ ಕಡೆಗೆ ಗೆರೆ ದಾಟಿದವನು ಗೆದ್ದ, ನಡುವೆ ಕಾಲು ನೆಲಕ್ಕೆ ಊರಿದವನು ಸೋತ. ಆದರೆ ಸಂಡೂರಿನ ಅದಿರು ಚೀನಾಕ್ಕೆ ಹೊರಟಾಗಿನಿಂದ ಓಣಿಯ ಹುಡುಗರೆಲ್ಲ ಟಿಪ್ಪರ್ ಹತ್ತಿದರು, ಟಿಪ್ಪರ್ ಇಳಿದವರು ಬೈಕ್ ಹತ್ತಿದರು. ಆ ವರ್ಷ ಯುವಕ ಸಂಘದ ಕಾರ್ಯದರ್ಶಿ ವೀರೇಶ್ ಮನೆಮನೆ ಹುಡುಕಿದರೂ ಒಂದು ಸೈಕಲ್ ಸಿಗಲಿಲ್ಲ. ಸಿಕ್ಕಿದ್ದು ಮೂರು ಸಾಮಾನು ಗಾಡಿಗಳು. ಮುಂದೆ ಎರಡು ಗಾಲಿ, ಅವುಗಳ ನಡುವೆ ತಗಡಿನ ತೊಟ್ಟಿ, ಹಿಂದೆ ಒಂದು ಗಾಲಿ, ಅದರ ಮೇಲೆ ಸೀಟು, ಸೀಟಿನ ಮೇಲೆ ಒಬ್ಬ ಬಡಪಾಯಿ.

"ಇವನ್ನ ಬಿಡೋಣ. ಹೆಂಡ್ತಿ ಮಕ್ಕಳನ್ನ ತೊಟ್ಟ್ಯಾಗ ಕುಂದ್ರಿಸ್ಕೊಂಡು. ಮಸ್ತ್ ಇರ್ತೈತಿ" ಎಂದ ವೀರೇಶ್. ಸಂಘದವರೆಲ್ಲ ಚಪ್ಪಾಳೆ ತಟ್ಟಿದರು. ಒಂದು ಸಣ್ಣ ಸಂಗತಿ ಮಾತ್ರ ಅಷ್ಟು ಮಂದಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಬಹುಮಾನ ಹೊಲಿಗೆ ಮಷೀನು. ಕೊಡುವವರು ಉಜ್ಜಿನಪ್ಪನವರು. ಮೊನ್ನೆಮೊನ್ನೆಯವರೆಗೆ ಇದೇ ಓಣಿಯಲ್ಲಿ ಎಮ್ಮೆ ಕಟ್ಟಿದ್ದವರು, ಈಗ ಅದೇ ಜಾಗದಲ್ಲಿ ಟಿಪ್ಪರ್ ನಿಲ್ಲಿಸುತ್ತಿದ್ದರು. ಸುದ್ದಿ ಕೇಳಿದ ದಿನದಿಂದ ಪಾರ್ಸೆಲ್ ಗಾಡಿಯ ಭರಮಣ್ಣನಿಗೆ ಮನೆಯಲ್ಲಿ ನೆಮ್ಮದಿ ಇಲ್ಲವಾಯಿತು. ಅವನ ಹೆಂಡತಿ ಕೊಟ್ರಮ್ಮನ ಕೈಯಲ್ಲಿ ಚೆಂದದ ಕೆಲಸವಿತ್ತು, ಮಷೀನು ಮಾತ್ರ ಇರಲಿಲ್ಲ. ಓಣಿಯವರ ಜಂಪರುಗಳನ್ನು ಎದುರುಮನೆ ಶಾಂತಕ್ಕನ ಮಷೀನಿನ ಮೇಲೆ ಹೊಲಿಯುತ್ತಿದ್ದಳು. ಶಾಂತಕ್ಕ ಇಲ್ಲವೆನ್ನುತ್ತಿರಲಿಲ್ಲ. ಆದರೆ ಕೊಟ್ರಮ್ಮ ಕೂತ ಕೂಡಲೇ ಪಕ್ಕದಲ್ಲಿ ನಿಂತು, ಎಣ್ಣೆ ಬಿಟ್ಟೆಯಾ, ಸೂಜಿ ಮುರಿದೀಯ, ಮೆಲ್ಲಗೆ ತುಳಿ ಎಂದು ಹೇಳುತ್ತಲೇ ಇರುತ್ತಿದ್ದಳು. ಜಂಪರಿನ ತೋಳು ಮುಗಿಯುವಷ್ಟರಲ್ಲಿ ಕೊಟ್ರಮ್ಮನ ಕಣ್ಣು ತುಂಬಿರುತ್ತಿತ್ತು.

"ಗೆದ್ರ ನಮ್ಮನ್ಯಾಗ ಮಷೀನು. ಸೋತ್ರ ಮತ್ತ ಶಾಂತಕ್ಕನ ಹೊಸ್ತಿಲ" ಎಂದಳು ಗಂಡನಿಗೆ. "ಜಲ್ದಿ ಹೋಗೂದು ನಿಮಗ ಹುಟ್ಟಿದಾಗಿಂದ ಬಂದಿಲ್ಲ. ಇವತ್ತರ ಅದು ಉಪಯೋಗಕ್ಕ ಬರ್ಲಿ."

ರೇಸಿನ ದಿನ ಬೆಳಿಗ್ಗೆ ವೀರೇಶ್ ಓಡಿಬಂದು, ಲಾರಿ ಆಫೀಸಿನಿಂದ ಒಂದು ಪಾರ್ಸೆಲ್ ತಂದುಕೊಡು ಎಂದು ಭರಮಣ್ಣನ ಕಿವಿಯಲ್ಲಿ ಹೇಳಿದ. ಯಾರದು ಎಂದು ಭರಮಣ್ಣ ಕೇಳಲಿಲ್ಲ. ಕೇಳುವ ಚಾಳಿ ಅವನಿಗಿರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಸಾಮಾನನ್ನೂ ಕೆಳಗೆ ಬೀಳಿಸಿಲ್ಲ ಎಂಬುದೊಂದೇ ಅವನ ಹೆಮ್ಮೆ. ಕಟ್ಟಿಗೆಯ ಪೆಟ್ಟಿಗೆ, ಸುತ್ತ ಗೋಣಿತಟ್ಟು. ರೈಲು ಗೇಟಿನಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿ ಮುಗಿಯದ ಹರಿಕತೆಯಂತೆ ಹೋಗುತ್ತಲೇ ಇತ್ತು. ಅವನು ಓಣಿ ಮುಟ್ಟುವಷ್ಟರಲ್ಲಿ ಉಳಿದ ಗಾಡಿಗಳು ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದವು.

ಪೆಟ್ಟಿಗೆ ಇಳಿಸಲು ಹೊತ್ತೆಲ್ಲಿ? ಮಕ್ಕಳಿಬ್ಬರು ತೊಟ್ಟಿಗೆ ಹಾರಿದರು. ಕೊಟ್ರಮ್ಮ ಹತ್ತಿದಳು. ಅವಳ ತಾಯಿ ಜಂಬವ್ವ, ಆ ಪೆಟ್ಟಿಗೆ ತನಗೆಂದೇ ಹಾಕಿಸಿದ ಕುರ್ಚಿ ಎಂಬಂತೆ ಅದರ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. ವೀರೇಶ್ ಬಂದು ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಜಂಬವ್ವನನ್ನೂ ನೋಡಿ, "ಇರ್ಲಿ ಬಿಡು ಭರಮಣ್ಣ, ಆಮ್ಯಾಲೆ ಇಳಿಸೋಣ" ಎಂದು ಅವಸರದಿಂದ ಹೋದ.

ಎಡಕ್ಕೆ ನೀರಿನ ಕ್ಯಾನ್ ಮಾರುವ ಹನುಮಣ್ಣ, ತೊಟ್ಟಿಯಲ್ಲಿ ಅವನ ಹೆಂಡತಿ ದುರ್ಗಕ್ಕ. ಬಲಕ್ಕೆ ಸೋಡಾ ಗಾಡಿಯ ಮಹಾಂತೇಶ, ಅವನ ಮುಂದೆ ಹೊಸ ಹೆಂಡತಿ ಅನುಸೂಯಾ, ಮದುವೆಯ ಸೀರೆಯಲ್ಲಿ. ಓಣಿ ಬೇವಿನ ಮರದಿಂದ ಸ್ವಲ್ಪ ದೂರ ಸಪಾಟಾಗಿ ಹೋಗಿ, ಆಮೇಲೆ ಕಾಲುವೆಯ ಸೇತುವೆಯ ಕಡೆಗೆ ಇಳಿಜಾರು. ಸೇತುವೆಯ ಬಳಿ ಸುಣ್ಣದ ಗೆರೆ. ಅದರ ಪಕ್ಕ ವೇದಿಕೆ. ವೇದಿಕೆಯ ಮೇಲೆ ಉಜ್ಜಿನಪ್ಪನವರು, ಮತ್ತು ಕೆಂಪು ಬಟ್ಟೆ ಹೊದ್ದ ಹೊಲಿಗೆ ಮಷೀನು. ಓಣಿಗೆ ಓಣಿಯೇ ಕಟ್ಟೆ, ಕಾಂಪೌಂಡು, ಮಾಳಿಗೆಗಳ ಮೇಲೆ ಹತ್ತಿ ಕೂತಿತ್ತು.

ವೀರೇಶ್ ಸೀಟಿ ಊದಿದ.

ಯಾರೂ ಅಲ್ಲಾಡಲಿಲ್ಲ.

ಮತ್ತೆ ಊದಿದ. ಭರಮಣ್ಣ ಸೀಟಿನ ಮೇಲೆ ಕೂತು ಎರಡೂ ಕಾಲು ಪೆಡಲ್ ಮೇಲಿಟ್ಟು ಸುಮ್ಮನೆ ಎದುರು ನೋಡುತ್ತಿದ್ದ. ಹನುಮಣ್ಣನೂ ಹಾಗೆಯೇ. ಮಹಾಂತೇಶ ಬೀಡಿ ಹಚ್ಚಿದ. ಆಗ ಮಾಳಿಗೆಯ ಮೇಲಿದ್ದ ಯಾರೋ ಮುದುಕ ಶಾಂತವಾಗಿ ಹೇಳಿದ: "ಲೇ ವೀರೇಶ, ಮೂರು ಗಾಲಿ ಗಾಡಿ ನಿಂತ್ರ ಬೀಳಂಗಿಲ್ಲಲೇ."

ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ವೀರೇಶನ ಮುಖ ಅದಿರಿನ ಧೂಳಿಗಿಂತ ಕೆಂಪಾಯಿತು.

ಅಲ್ಲಿಂದ ಜಾತ್ರೆಯೇ ಶುರು. ಒಂದು ಗಾಡಿ ಗೇಣು ಸರಿದರೆ ಮಾಳಿಗೆಗಳೆಲ್ಲ ಹೋ ಎಂದು ಕೂಗುತ್ತಿದ್ದವು. ದುರ್ಗಕ್ಕ ಮಂಡಕ್ಕಿ ಒಗ್ಗರಣೆಯ ಬುಟ್ಟಿ ಬಿಚ್ಚಿ ಮೂರೂ ಗಾಡಿಗೆ ಹಂಚಿದಳು. ನೀರು ಬೇಕಾದವರು ಬಂದು ಹನುಮಣ್ಣನ ಗಾಡಿಯಿಂದಲೇ ಕ್ಯಾನ್ ಎತ್ತಿಕೊಂಡು ಹೋದರು. ಮಹಾಂತೇಶನ ಸೋಡಾ ಅಷ್ಟೂ ಕೂತಲ್ಲೇ ಖಾಲಿಯಾಯಿತು. ಹಂಪಿಗೆ ಹೊರಟಿದ್ದ ವಿದೇಶಿ ಜೋಡಿಯೊಂದು ಆಟೋ ನಿಲ್ಲಿಸಿ ಫೋಟೊ ತೆಗೆದು, ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳಿತು. ಏನೂ ನಡೆಯುತ್ತಿಲ್ಲ, ಅದೇ ಸ್ಪರ್ಧೆ ಎಂದು ತಿಳಿಸುವಷ್ಟು ಇಂಗ್ಲಿಷ್ ವೀರೇಶನಲ್ಲಿ ಇರಲಿಲ್ಲ.

ಬಿಸಿಲೇರಿತು. ಜಂಬವ್ವ ಪೆಟ್ಟಿಗೆಯ ಮೇಲೆ ಕೂತಲ್ಲೇ ಗೊರಕೆ ಹೊಡೆದಳು. ಭರಮಣ್ಣನ ಕಾಲು ಜೋಮು ಹಿಡಿದು, ಯಾರದೋ ಕಾಲನ್ನು ತಂದು ತನಗೆ ಸಿಕ್ಕಿಸಿದಂತಾಗಿತ್ತು. ನೆಲಕ್ಕೆ ಊರಿದರೆ ಸೋಲು. ಎದುರುಮನೆ ಶಾಂತಕ್ಕ ಮಜ್ಜಿಗೆ ತಂದು ಹನುಮಣ್ಣನಿಗೂ ಮಹಾಂತೇಶನಿಗೂ ಕೊಟ್ಟು, ಖಾಲಿ ತಂಬಿಗೆಯೊಂದಿಗೆ ಕೊಟ್ರಮ್ಮನ ಹತ್ತಿರ ಬಂದಳು.

"ನೀ ಗೆದ್ದಿ ಅಂದ್ರ ನನ್ನ ಮಷೀನಿಗೆ ಬ್ಯಾಸರಾಕ್ಕೈತಿ ನೋಡು, ಕೊಟ್ರವ್ವ."

"ಅದಕ್ಕ ಜೋಡಿ ನೀವ ಕುಂದ್ರಿ, ಶಾಂತಕ್ಕ" ಎಂದಳು ಕೊಟ್ರಮ್ಮ. ಮಾತು ಸಣ್ಣದಾಗಿತ್ತು. ಆದರೆ ತೊಟ್ಟಿಯ ಅಂಚು ಹಿಡಿದಿದ್ದ ಅವಳ ಬೆರಳು ಬೆಳ್ಳಗಾಗಿದ್ದವು. ಭರಮಣ್ಣ ಅದನ್ನು ನೋಡಿ, ಪ್ರಾಣ ಹೋದರೂ ಕಾಲು ಇಳಿಸುವುದಿಲ್ಲ ಎಂದು ಹಲ್ಲು ಕಚ್ಚಿದ.

ಉಜ್ಜಿನಪ್ಪನವರು ಮೂರು ಸಲ ವಾಚು ನೋಡಿದರು. ನಿಂತಲ್ಲೇ ನಿಂತವರನ್ನು ತೆಗೆದುಹಾಕೋಣವೆಂದು ವೀರೇಶ್ ಹೊಸ ರೂಲು ಹೊರಡಿಸಿದ. ನಡುವೆ ರೂಲು ಬದಲಿಸುವಂತಿಲ್ಲ ಎಂದು ಮೂರೂ ಮನೆಯವರು, ಅಲ್ಲಿಯವರೆಗೆ ವೈರಿಗಳಾಗಿದ್ದವರು, ಒಂದೇ ಬಾಯಲ್ಲಿ ಅವನನ್ನು ಬೈದು ಕೂರಿಸಿದರು.

ಕಡೆಗೆ ದಾರಿ ತೋರಿಸಿದ್ದು ಒಂದು ಟಿಪ್ಪರ್. ರೈಲು ಗೇಟು ಬಿದ್ದಿದ್ದರಿಂದ ಸಂಡೂರು ಕಡೆಯ ಟಿಪ್ಪರೊಂದು ಅಡ್ಡದಾರಿ ಹಿಡಿದು ಓಣಿಗೆ ನುಗ್ಗಿ, ಗಾಡಿಗಳ ಬೆನ್ನಿಗೆ ನಿಂತು ಹಾರ್ನ್ ಹೊಡೆಯಿತು. ಆ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಜಂಬವ್ವನೂ ಎದ್ದಳು. ರೇಸ್ ನಡೆದಿದೆ, ನಿಲ್ಲು ಎಂದರೆ, ರೇಸ್ ಆದರೆ ಓಡಿಸ್ರಿ ಎಂದು ಡ್ರೈವರ್ ಮತ್ತೆ ಹಾರ್ನ್ ಒತ್ತಿದ.

ಬೇರೆ ದಾರಿ ಇರಲಿಲ್ಲ. ಮೂರೂ ಗಾಡಿ ಹೊರಟವು. ಮಾಳಿಗೆಗಳು ಕುಣಿಯತೊಡಗಿದವು. ಸಪಾಟು ಮುಗಿಯಿತು, ಇಳಿಜಾರು ಬಂತು, ಮೂವರ ಬ್ರೇಕಿನ ಬಂಡವಾಳವೂ ಬಯಲಾಯಿತು. ಮಹಾಂತೇಶನ ಗಾಡಿ ಕಾಗದದ ದೋಣಿಯಂತೆ ತೇಲಿಕೊಂಡು ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಸೋತದ್ದು ಗೊತ್ತಿದ್ದರೂ ಅನುಸೂಯಾ ಎರಡೂ ಕೈ ಎತ್ತಿ ಕೇಕೆ ಹಾಕಿದಳು. ಉಳಿದವರು ಇಬ್ಬರು. ಅವರಲ್ಲಿ ಭರಮಣ್ಣನೇ ಮುಂದಿದ್ದ. ಅತ್ತೆ, ಹೆಂಡತಿ, ಮಕ್ಕಳು, ಪೆಟ್ಟಿಗೆ ಎಲ್ಲರ ಭಾರವೂ ಸೇರಿ ಅವನ ಗಾಡಿ ಹೋರಿಯಂತೆ ಓಡುತ್ತಿತ್ತು.

"ಬ್ರೇಕ್ ಹಿಡೀರಿ" ಎಂದಳು ಕೊಟ್ರಮ್ಮ.

"ಹಿಡಿದೀನಿ. ಬ್ರೇಕ ಗಾಲಿನ್ನ ಹಿಡೀವಲ್ದು."

ಸುಣ್ಣದ ಗೆರೆ ಎದುರಿಗೇ ಬರುತ್ತಿತ್ತು. ಕೊಟ್ರಮ್ಮ ಆಚೀಚೆ ನೋಡಿದಳು. "ಅವ್ವಾ, ಏಳ" ಎಂದು ತಾಯಿಯನ್ನು ಎಬ್ಬಿಸಿ, ಪೆಟ್ಟಿಗೆ ಎತ್ತಿ ತೊಟ್ಟಿಯ ಅಂಚಿಗಿಟ್ಟಳು.

"ಲೇ, ಬ್ಯಾಡ. ಅದು ಮಂದಿ ಸಾಮಾನು" ಎಂದು ಭರಮಣ್ಣ ಅರಚಿದ.

"ಮಂದಿದು ಆಮ್ಯಾಲೆ ನೋಡೋಣ" ಎಂದು ಕೊಟ್ರಮ್ಮ ಅದನ್ನು ಮುಂದಿನ ಗಾಲಿಯ ದಾರಿಗೆ ತಳ್ಳಿದಳು.

ಪೆಟ್ಟಿಗೆ ಕಲ್ಲಿನ ಮೇಲೆ ದಡ್ ಎಂದು ಬಿತ್ತು. ಒಳಗೆ ಏನೋ ಕಡ್ ಎಂದಿತು. ಗಾಲಿ ಅದಕ್ಕೆ ಬಡಿದು, ಗಾಡಿ ಎಮ್ಮೆಯಂತೆ ಮುಗ್ಗರಿಸಿ, ಗೆರೆಗೆ ಮೊಳದಷ್ಟು ದೂರದಲ್ಲಿ ನಿಂತುಬಿಟ್ಟಿತು. ಪಕ್ಕದಲ್ಲೇ ಹನುಮಣ್ಣನ ಗಾಡಿ, ದುರ್ಗಕ್ಕನ ಬೈಗುಳಗಳ ಸಮೇತ, ಸುಯ್ಯೆಂದು ಗೆರೆ ದಾಟಿ ಹೋಯಿತು.

ಓಣಿಯೇ ಮೈಮೇಲೆ ಬಿದ್ದಿತು. ಜನ ಓಡಿಬಂದು ಗಾಡಿಯನ್ನು ಮುತ್ತಿ, ದಾಟಿಸ್ರಿ ದಾಟಿಸ್ರಿ ಎನ್ನುತ್ತ ಕುಟುಂಬ ಸಮೇತ ಅದನ್ನು ದೂಡಿದರು. ಶಾಂತಕ್ಕ ಕೂಡ ಉತ್ಸಾಹ ತಡೆಯಲಾರದೆ ಕೈ ಹಾಕಿದ್ದಳು. ಗಾಡಿ ಪೆಟ್ಟಿಗೆಯ ಮೇಲೆಯೇ ಹತ್ತಿ, ಲಟಲಟ ಎನ್ನಿಸಿ ಇಳಿದು, ಗೆರೆ ದಾಟಿತು. ಕೊಟ್ರಮ್ಮ ಅಳುತ್ತಲೂ ನಗುತ್ತಲೂ ಇದ್ದಳು.

ಭರಮಣ್ಣನಿಗೆ ನಗು ಬರಲಿಲ್ಲ. ಇಷ್ಟು ವರ್ಷದ ಹೆಸರು ಗಾಲಿಯ ಕೆಳಗೆ ಹೋಗಿತ್ತು. ಯಾರ ಸಾಮಾನೋ ಏನೋ, ನಾಳೆ ಯಾವ ಮುಖ ಹೊತ್ತು ಲಾರಿ ಆಫೀಸಿಗೆ ಹೋಗುವುದು? ವೇದಿಕೆ ಹತ್ತುವಾಗಲೂ ಅವನು ವೀರೇಶನನ್ನೇ ಹುಡುಕುತ್ತಿದ್ದ. ವೀರೇಶ್ ವೇದಿಕೆಯ ಹಿಂದೆ ಕಂಬ ಹಿಡಿದುಕೊಂಡು ನಿಂತಿದ್ದ.

ಉಜ್ಜಿನಪ್ಪನವರು ಮೈಕಿನಲ್ಲಿ ನಾಲ್ಕು ಮಾತಾಡಿ ಕೆಂಪು ಬಟ್ಟೆ ಎಳೆದರು. ಕೆಳಗೆ ಕಬ್ಬಿಣದ ಕಾಲು, ಹಲಗೆ, ತುಳಿಯುವ ಪೆಡಲ್, ದೊಡ್ಡ ಚಕ್ರ ಎಲ್ಲ ಇತ್ತು. ಹಲಗೆಯ ಮೇಲೆ ತಲೆಕೆಳಗಾಗಿ ಇಟ್ಟ ಒಂದು ಕೊಡಪಾನ.

"ಮಷೀನಿನ ತಲಿ ಎಲ್ಲಲೇ?" ಎಂದರು ಉಜ್ಜಿನಪ್ಪನವರು, ಮೈಕಿನಲ್ಲೇ.

ವೀರೇಶ್ ಕಂಬ ಬಿಟ್ಟು ಬರಲಿಲ್ಲ. "ಸ್ಟ್ಯಾಂಡ್ ನಿನ್ನೆ ಬಂತ್ರಿ. ತಲಿ ಇವತ್ತು ಮುಂಜಾನಿ ಬಂತು. ಭರಮಣ್ಣನ ಗಾಡ್ಯಾಗ ಐತಿ ಅಂತ ಗೊತ್ತಾದ್ರ, ಬಹುಮಾನ ಮೊದಲ ಅವಂಗ ಕೊಟ್ಟಾರ ಅಂತ ಜಗಳ ಆಕ್ಕೈತಿ ಅಂದು ಬಾಯಿ ಬಿಡ್ಲಿಲ್ರಿ. ಜಂಬವ್ವ ಮ್ಯಾಲೆ ಕುಂತಿದ್ಲು, ಭಾಳ ಸೇಫ್ ಅಂದ್ಕೊಂಡಿದ್ದೆ."

ಎಲ್ಲರೂ ಒಟ್ಟಿಗೆ ರಸ್ತೆಯ ಕಡೆ ತಿರುಗಿದರು. ಗೆರೆಯ ಈಚೆ ಗೋಣಿತಟ್ಟಿನ ಚಪ್ಪಟೆ ಗಂಟೊಂದು ಬಿದ್ದಿತ್ತು. ಆಟ ಮುಗಿಯಿತೆಂದು ತಿಳಿದ ಟಿಪ್ಪರ್ ಡ್ರೈವರ್, ಹಾರ್ನ್ ಹೊಡೆಯುತ್ತ ಅದರ ಮೇಲೆಯೇ ನಿಧಾನವಾಗಿ ಹಾದುಹೋದ.

ಭರಮಣ್ಣ ದೊಡ್ಡದೊಂದು ಉಸಿರು ಬಿಟ್ಟ. "ಸದ್ಯ, ಬ್ಯಾರೆಯವರದಲ್ಲ" ಎಂದ. ಆಮೇಲೆ ಹೆಂಡತಿಯ ಮುಖ ನೋಡಿ, ವೇದಿಕೆಯಿಂದ ಇಳಿದು ಗಾಡಿಯ ಕಡೆ ನಡೆದ.

ಆಗ ಮುಂದೆ ಬಂದವಳು ಶಾಂತಕ್ಕ. ಅವಳು ಕೊಟ್ರಮ್ಮನ ಹೆಗಲ ಮೇಲೆ ಕೈ ಇಟ್ಟು ನಿಜವಾದ ಪ್ರೀತಿಯಿಂದ, "ನಾಳಿಗೆ ಜಲ್ದಿ ಬಾರವ್ವ. ಬರುವಾಗ ಎಣ್ಣಿ ತಗೊಂಬಾ" ಎಂದಳು.

ಸಂಜೆ ಸ್ಟ್ಯಾಂಡನ್ನು ತೊಟ್ಟಿಯಲ್ಲಿಟ್ಟುಕೊಂಡು ಮೆರವಣಿಗೆ ಮನೆಗೆ ಹೊರಟಿತು. ಮಕ್ಕಳು ಚಕ್ರ ತಿರುಗಿಸುತ್ತ ಕೇಕೆ ಹಾಕುತ್ತಿದ್ದವು. ಅದರ ಹಲಗೆಯ ಮೇಲೆ ಜಂಬವ್ವ ಕೂತು, ಆ ಪೆಟ್ಟಿಗೆಗಿಂತ ಇದೇ ಚೊಲೋ ಎಂದಳು. ಕೊಟ್ರಮ್ಮ ಪಕ್ಕದಲ್ಲಿ ನಡೆಯುತ್ತಿದ್ದಳು. ಭರಮಣ್ಣ ಏರು ಹತ್ತಲಾರದೆ ಸೀಟಿನಿಂದ ಎದ್ದುನಿಂತು ತುಳಿದ. ದಿನವೆಲ್ಲ ಪೆಡಲ್ ತುಳಿದು ಬದುಕುವವನಿಗೆ, ಒಂದು ದಿನ ತುಳಿಯದೆ ಕೂತಿದ್ದಕ್ಕೆ, ಬಹುಮಾನವಾಗಿ ಇನ್ನೊಂದು ಪೆಡಲ್ ಸಿಕ್ಕಿತ್ತು.