ಟೇಬಲ್ಲಿನ ಮೇಲೆ ವಿಮಾನ, ಕೆಳಗೆ ಮಗಳು

ಸಣ್ಣ ಮಕ್ಕಳಿರುವ ಮನೆಯಲ್ಲಿ ಸಣ್ಣ ಸಾಮಾನು ಇಟ್ಟುಕೊಂಡವನಿಗೆ ಫಜೀತಿ ಹುಡುಕಿಕೊಂಡು ಹೊರಗೆ ಹೋಗುವ ಕೆಲಸ ಬೀಳುವುದಿಲ್ಲ. ಅದು ದಿನಾ ತಾನಾಗಿಯೇ ಮನೆಗೆ ಬಂದು ಟೇಬಲ್ಲಿನ ಕೆಳಗೆ ಕೂತಿರುತ್ತದೆ. ನನ್ನ ಮನೆ ಬೈಲಹೊಂಗಲದಲ್ಲಿ. ಕೆಲಸ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು. ಹುಚ್ಚು ಮಾತ್ರ ವಿಮಾನದ್ದು. ಪುಣೆಯಲ್ಲಿದ್ದ ಗೆಳೆಯನೊಬ್ಬ ವರ್ಷಕ್ಕೊಮ್ಮೆ ಒಂದು ಡಬ್ಬಿ ತಂದುಕೊಡುತ್ತಿದ್ದ. ಅದರೊಳಗೆ ಪ್ಲಾಸ್ಟಿಕ್ಕಿನ ಚೂರುಗಳು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟು ಹಚ್ಚಿ, ಬಣ್ಣ ಬಳಿದರೆ ಅಂಗೈ ಅಗಲದ ವಿಮಾನವಾಗಬೇಕು. ‘ಆಗಬೇಕು’ ಅಂದೆ. ಮಗಳು ಹುಟ್ಟಿದ ಮೇಲೆ ಒಂದೂ ಆಗಿರಲಿಲ್ಲ. ಇದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ಮಗಳಿಗೆ ಆಗ ನಾಲ್ಕು ತುಂಬಿ ಐದರಲ್ಲಿ ಬಿದ್ದಿತ್ತು.

ಎಪ್ಪತ್ತೆರಡರಲ್ಲಿ ಒಂದು ಪಾಲು

ಬಾಜೂ ಮನೆಯವರು ಬಂದಾಗೊಮ್ಮೆ ಕೇಳುತ್ತಿದ್ದರು, “ಮಾಸ್ತರ, ಇದು ಹಾರತೈತೇನ್ರಿ?”

“ಇಲ್ರಿ.”

“ಮತ್ತ ಏನ್ ಮಾಡೂದು?”

“ನೋಡೂದು.”

“ನೋಡಾಕ ಮಾಳಗಿ ಮ್ಯಾಲ ಹತ್ತಿ ನಿಂತ್ರ ಪುಕ್ಕಟೆ ಕಾಣತಾವಲ್ರಿ.”

ಇವರಿಗೆ ಹೇಳಿ ಉಪಯೋಗವಿಲ್ಲವೆಂದು ಹೆಂಡತಿಗೆ ವಿವರಿಸಲು ಕೂತೆ. ನಿಜವಾದ ವಿಮಾನದ ಉದ್ದ, ಅಗಲ, ಚಕ್ರ, ಕಿಟಕಿ ಎಲ್ಲವನ್ನೂ ಅಳತೆ ತಪ್ಪದಂತೆ ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ ಎಂದು ಉಗುರಿನ ಮೇಲೆ ಚಕ್ರ ಇಟ್ಟು ತೋರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

“ತಿಳೀತ್ರಿ. ಮನಿ ಕೆಲಸಾನೂ ನೀವು ಅದ ಲೆಕ್ಕದಾಗ ಮಾಡಾಕತ್ತೀರಿ.”

ಆಕೆಗಾಗ ಎರಡನೆಯದು ನಾಲ್ಕು ತಿಂಗಳು. ಮಾತಿಗೆ ಮಾತು ಬೆಳೆದು ಕರಾರು ಹೊರಬಿತ್ತು. ಟೇಬಲ್ಲು ನಿಂತ ಮೂಲೆಯಲ್ಲಿ ಬರುವ ಕೂಸಿನ ತೊಟ್ಟಿಲು ತೂಗಬೇಕಂತೆ. “ಕೂಸಿಗೆ ಹೆಸರಿಡೂ ದಿನದೊಳಗ ಒಂದರ ಇಮಾನ ಇಡೀಯಾಗಿ ತೋರಸ್ರಿ. ಒಂದ್ ಚೂರೂ ಕಡಿಮಿ ಇರಬಾರದು. ತೋರಿಸಿದ್ರ ತೊಟ್ಟಿಲಾ ನಡುಮನ್ಯಾಗ ಕಟ್ಟಸ್ತೇನಿ. ಇಲ್ಲಾಂದ್ರ ಡಬ್ಬಿಗೋಳು ಅಟ್ಟಕ್ಕ, ಟೇಬಲ್ ಸವದತ್ತಿಗೆ ನಮ್ಮಣ್ಣನ ಮನಿಗೆ.”

ಅವಳಣ್ಣ ನನ್ನ ಟೇಬಲ್ಲಿನ ಮೇಲೆ ಇಸ್ತ್ರಿ ಮಾಡುವ ಮನುಷ್ಯ.

ಚಕ್ರ ಇಳಿದ ಬಗೆ

ಅಂದೇ ಹೊಸ ಡಬ್ಬಿ ಬಿಚ್ಚಿದೆ. ಮೂರನೆಯ ದಿನಕ್ಕೆ ಒಂದು ಚಕ್ರ ಕಾಣಿಸಲಿಲ್ಲ. ಮೊಣಕಾಲೂರಿ ನೆಲವೆಲ್ಲ ಹುಡುಕುತ್ತಿದ್ದೆ. ಟೇಬಲ್ಲಿನ ಕೆಳಗೆ ಕೂತಿದ್ದ ಮಗಳು, “ಅಪ್ಪಾ, ಚಕ್ರಾ ಮೂಗಿನ್ಯಾಗ ಐತಿ” ಎಂದಳು.

“ಯಾರ ಮೂಗಿನ್ಯಾಗ?”

“ನಂದರಾಗ. ನಿಂದರಾಗ ಕೂದಲ ಅದಾವ.”

ಎತ್ತಿಕೊಂಡು ದವಾಖಾನೆಗೆ ಓಡಿದೆ. ಹಿಂದೆ ನಮ್ಮವ್ವ. ಡಾಕ್ಟರು ಬ್ಯಾಟರಿ ಹಿಡಿದು ನೋಡಿ ಕೇಳಿದರು, “ಏನು ಹಾಕ್ಕೊಂಡಾಳ್ರಿ?”

“ವಿಮಾನದ ಚಕ್ರ.”

“ಮುಂದಿಂದೊ, ಹಿಂದಿಂದೊ?”

ಅವರಿಗೂ ಈ ಹುಚ್ಚಿದೆಯೇನೋ ಎಂದು ನಾನು ಖುಷಿಯಿಂದ ವಿವರಿಸಲು ಶುರು ಮಾಡಿದೆ. ಚಕ್ರ ಎಷ್ಟು ದೊಡ್ಡದು ಎಂದು ತಿಳಿಯಲು ಕೇಳಿದ್ದಂತೆ. ಅವರು ಚಿಮಟಿಗೆ ಕೈ ಹಾಕುವುದರೊಳಗೆ ನಮ್ಮವ್ವ ಸೊಂಟದ ಸಂಚಿಯಿಂದ ನಶ್ಯದ ಡಬ್ಬಿ ತೆಗೆದು ಮೊಮ್ಮಗಳ ಮೂಗಿನ ಮುಂದೆ ಒಂದು ಸಲ ಆಡಿಸಿದಳು. ಫ್ಯಾನು ಜೋರಾಗಿತ್ತು. ಡಾಕ್ಟರು ಸೀನಿದರು, ನರ್ಸು ಸೀನಿದಳು, ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ಸೀನಿದರು. ಎಲ್ಲರಾದ ಮೇಲೆ ಮಗಳು ಸೀನಿದಳು. ಚಕ್ರ ಡಾಕ್ಟರ ಅಂಗಿಯ ಮೇಲೆ ಬಂದು ಇಳಿಯಿತು.

ನನಗೆ ಹೋದ ಜೀವ ಬಂದಂತಾಯಿತು. ಮಗಳು ಚಪ್ಪಾಳೆ ತಟ್ಟಿದಳು. “ಅಪ್ಪಾ, ಇನ್ನೊಂದು ಚಕ್ರಾ ತಂದಿಯೇನು?”

ಹೂಡಿದ ಎತ್ತು

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮವ್ವ ಕೆಸರು ಕಲಸಿ ಒಂದು ಜೋಡಿ ಎತ್ತು ಮಾಡಿ, ಕೋಡಿಗೆ ಕುಸುಬಿ ಕಾಳು ಚುಚ್ಚಿ ಪೂಜೆಗಿಟ್ಟಿದ್ದಳು. ಸಂಜೆ ನಾನು ಕಿತ್ತೂರಿನಿಂದ ಬಂದು ನೋಡುತ್ತೇನೆ, ಎತ್ತುಗಳ ಹಿಂದೆ ನನ್ನ ವಿಮಾನ. ಎರಡೂ ಕೊರಳಿಗೆ ದಾರ ಕಟ್ಟಿ ವಿಮಾನದ ಮೂತಿಗೆ ಬಿಗಿದಿದೆ. ಪೈಲಟ್ ಕೂರುವಲ್ಲಿ ಒಂದು ಕಡಲೆಕಾಳು ಕೂತಿದೆ.

ಮಗಳನ್ನು ಕರೆದು ಕೇಳಿದೆ, “ಇದೇನ ಮಾಡೀದಿ?”

“ಎತ್ತಿಲ್ಲದ ಗಾಡಿ ಹೆಂಗ ಹೋಗತೈತಿ ಅಪ್ಪಾ?”

“ಇದು ಗಾಡಿ ಅಲ್ಲ. ಇದಕ್ಕ ಎತ್ತು ಬೇಕಾಗೂದಿಲ್ಲ, ಒಳಗ ಇಂಜಿನ್ ಇರತೈತಿ.”

“ಎಲ್ಲೈತಿ, ತೋರಸು.”

ಒಳಗೆ ಏನೂ ಇರಲಿಲ್ಲ. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಇಂಜಿನ್ನನ್ನು ಆ ಡಬ್ಬಿಯವರು ಕೊಟ್ಟಿರಲಿಲ್ಲ. ಹತ್ತನೆಯ ತರಗತಿಗೆ ಗಣಿತ ಕಲಿಸುವ ನಾನು ಬಾಲವಾಡಿಯ ಹುಡುಗಿಯ ಮುಂದೆ ಫೇಲಾದೆ.

ಅಷ್ಟರಲ್ಲಿ ನಮ್ಮವ್ವ ಬಂದಳು, ಕಂಡಳು, ಕೆಂಡವಾದಳು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅವಕ್ಕೆ ಅಂದು ಸೂಟಿ. “ಅಮಾಸಿ ದಿನಾ ಎತ್ತು ಹೂಡ್ತಾರೇನ ಖೋಡಿ? ಬಿಚ್ಚು, ಬಿಚ್ಚು ಮೊದಲ!”

ನಮ್ಮವ್ವ ನನ್ನ ವಿಮಾನದ ಪರವಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಮೊಮ್ಮಗಳ ಮುಖ ಸಣ್ಣದಾದದ್ದನ್ನು ನೋಡಿ ಆಕೆ ದನಿ ಇಳಿಸಿದಳು. “ಅಳಬ್ಯಾಡ ನನ ಬಂಗಾರ. ನಾಳೆ ಹೂಡಂತಿ.”

ಊಟದ ಡಬ್ಬಿ

ಮರುದಿನ ಮಗಳು ಮತ್ತೆ ಎತ್ತು ಹೂಡಿ ರೆಕ್ಕೆ ಮುರಿದಳು. ಮುರಿದ ರೆಕ್ಕೆಯನ್ನು ಮತ್ತೆ ಕೂಡಿಸಿದ ಮೇಲೆ ನಾನೊಂದು ಉಪಾಯ ಮಾಡಿದೆ. ವಿಮಾನವನ್ನು ಹಳೆಯ ಸ್ಟೀಲ್ ಡಬ್ಬಿಯಲ್ಲಿಟ್ಟು ತಿಜೋರಿಯಲ್ಲಿ ಹಾಕಿ ಕೀಲಿ ಜಡಿದು ಸಾಲೆಗೆ ಹೋಗುವುದು. ನನ್ನ ಊಟದ ಡಬ್ಬಿಯೂ ಅದೇ ಜೋಡಿಯದು ಎಂಬುದು ಅವಸರದಲ್ಲಿ ಲಕ್ಷ್ಯಕ್ಕೆ ಬರಲಿಲ್ಲ.

ಆ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ಕೂತು ಡಬ್ಬಿ ಬಿಚ್ಚಿದೆವು. ಹೆಡ್‌ಮಾಸ್ತರು ನಮ್ಮ ಮನೆಯ ಕಡಲೆಹಿಟ್ಟಿನ ಝುಣಕದ ವಡೆಗೆ ದಿನಾ ಕೈ ಚಾಚುವವರು. ಅಂದೂ ನೋಡದೆ ಕೈ ಹಾಕಿದರು. ಕೈಗೆ ರೆಕ್ಕೆ ಬಂತು. ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಮತ್ತೆ ಡಬ್ಬಿಯಲ್ಲಿ ಮೆಲ್ಲಗೆ ಇಟ್ಟು ಕೇಳಿದರು, “ಮಾಸ್ತರ, ಇದರ ಜೋಡಿ ಶೇಂಗಾ ಚಟ್ನಿ ಹತ್ತತೈತೊ, ಮಸರೊ?”

ಮನೆಯಲ್ಲಿ ಝುಣಕ ಸಂಜೆಯವರೆಗೆ ದಾಗಿನದ ಜೊತೆ ತಿಜೋರಿಯಲ್ಲಿತ್ತು. ಉಳ್ಳಾಗಡ್ಡಿಯ ವಾಸನೆ ಹೆಂಡತಿಯ ಧಾರೆ ಸೀರೆಗೆ ಹಿಡಿದು ಕೂತಿತು. ಮುಂದಿನ ಮದುವೆಗೆ ಆಕೆ ಅದನ್ನೇ ಉಟ್ಟುಕೊಂಡು ಹೋದಳು. ಪಂಕ್ತಿಯಲ್ಲಿ ಬಾಜೂ ಕೂತವರು ಬಡಿಸುವವರನ್ನು ಕರೆದು ಕೇಳಿದರಂತೆ, “ಝುಣಕಾ ಈ ಕಡಿ ಯಾವಾಗ ಬರತೈತ್ರಿ?”

ಲಿಂಬೆಹಣ್ಣು

ದಸರೆಯ ಖಂಡೇಪೂಜೆಯ ದಿನ ನಮ್ಮವ್ವ ಕುಡುಗೋಲು, ಈಳಿಗೆ, ನನ್ನ ಸೈಕಲ್ಲು ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಇಟ್ಟಳು. ಆಮೇಲೆ ಕೂಗಿದಳು, “ಏ, ಆ ಇಮಾನಾ ತಗೊಂಬಾ. ಗಾಡಿ ಅಂದ ಮ್ಯಾಲ ಪೂಜಿ ಆಗಬೇಕು.”

ವಿಮಾನ ಆಗ ಮುಕ್ಕಾಲು ಮುಗಿದಿತ್ತು. ಚಕ್ರ ಹೊತ್ತ ಕೆಳಗಿನ ಕಾಲುಗಳು ಕೂತು, ಬಣ್ಣವಷ್ಟೇ ಬಾಕಿ. ಬೇಡ ಅಂದರೆ ಹಬ್ಬದ ದಿನ ಜಗಳ. ಕಾಯಿ ಅದರ ಮುಂದೆ ಒಡೆಯುವುದು ಬೇಡವೆಂದು ಕೈ ಮುಗಿದು ಒಪ್ಪಿಸಿದೆ. ಗಾಡಿಗಳ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸುವುದನ್ನು ಮಾತ್ರ ಆಕೆ ಬಿಡಲೊಲ್ಲಳು. ಲಿಂಬೆಹಣ್ಣು ತಂದು ವಿಮಾನದ ಪಕ್ಕ ಇಟ್ಟರೆ ಹಣ್ಣೇ ಎತ್ತರ ಕಂಡಿತು.

“ಅವ್ವಾ, ಇದರ ಚಕ್ರಾ ಲಿಂಬಿಹಣ್ಣಿನ ಮ್ಯಾಲ ಹೆಂಗ ಹಾಯಬೇಕು?”

ನಮ್ಮವ್ವ ಹಣ್ಣನ್ನು ಕೈಗೆತ್ತಿಕೊಂಡಳು. “ಚಕ್ರಾ ಹಣ್ಣಿನ ಮ್ಯಾಲ ಹೋಗಲಿಲ್ಲಂದ್ರ ಹಣ್ಣು ಚಕ್ರದ ಮ್ಯಾಲ ಹೋದ್ರೂ ನಡೀತೈತಿ” ಎಂದವಳೇ ಲಿಂಬೆಹಣ್ಣನ್ನು ಉರುಳಿಸಿಬಿಟ್ಟಳು.

ಕಟ್ ಎಂದಿತು. ವಿಮಾನ ಒಂದು ಮಗ್ಗಲಿಗೆ ವಾಲಿತು. ನಾನು ತಲೆ ಹಿಡಿದುಕೊಂಡು ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನಮ್ಮವ್ವ ಮುರಿದ ಕಾಲನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟು ಸಮಾಧಾನ ಹೇಳಿದಳು, “ಇದರ ಮ್ಯಾಲ ದೊಡ್ಡ ದೃಷ್ಟಿ ಇತ್ತು. ಒಂದ ಕಾಲಿನ್ಯಾಗ ಹೋತು, ಪುಣ್ಯಾ ಮಾಡೀದಿ.”

ಹೆಸರಿಟ್ಟ ದಿನ

ದೀಪಾವಳಿಗೆ ಮುಂಚೆ ಗಂಡು ಕೂಸು ಹುಟ್ಟಿತು. ಕೂಸು ಅತ್ತಾಗ ಎತ್ತಿಕೊಳ್ಳುವುದು, ಮಲಗಿದಾಗ ಕಾಲು ಅಂಟಿಸುವುದು, ಹೀಗೆ ನಡೆದು, ಹೆಸರಿಡುವ ದಿನ ಬೆಳಿಗ್ಗೆ ವಿಮಾನ ಮುಗಿಯಿತು. ರೆಕ್ಕೆ, ಬಾಲ, ಚಕ್ರ, ಮೂತಿಯಲ್ಲಿ ತಿರುಗುವ ಪಂಖ, ಒಂದು ಚೂರೂ ಕಡಿಮೆ ಇರಲಿಲ್ಲ. ನಾನು ಒಬ್ಬನೇ ಅದರ ಸುತ್ತ ಕುಣಿದೆ. ಹೆಂಡತಿ ಒಳಗಿನ ಕೋಣೆಯಿಂದ ಕೂಗಿದಳು, “ಹೆಸರಿಟ್ಟ ಮ್ಯಾಲ ಬಂದು ನೋಡ್ತೇನ್ರಿ. ಅಲ್ಲೀತನಾ ಅದು ಹಂಗ ಇರಬೇಕು.”

ನಮ್ಮ ಕಡೆ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ಅರೆಯುವ ಒಳ್ಳಿನ ಸಣ್ಣ ಗುಂಡುಕಲ್ಲನ್ನು. ಕಲ್ಲಿಗೆ ಎಣ್ಣೆ ಸವರಿ, ಕೂಸಿನ ಹಾಗೆಯೇ ಕುಂಚಿಗೆ ತೊಡಿಸಿ, ತಲೆ ಮುಚ್ಚಿ ತೂಗುತ್ತಾರೆ. ಕೂಸು ಕಲ್ಲಿನಷ್ಟು ಗಟ್ಟಿಯಾಗಲಿ ಎಂದು. ಅದಾದ ಮೇಲೆ ಕಲ್ಲು ತೆಗೆದು ಕೂಸನ್ನು ಮಲಗಿಸಬೇಕು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳುವಾಗ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು.

ಸೋದರತ್ತೆ ಅಂದರೆ ನಮ್ಮಕ್ಕ. ಸುರೇಬಾನದಿಂದ ಬರಬೇಕು. ರಾಮದುರ್ಗದಲ್ಲಿ ಬಸ್ ತಪ್ಪಿ, ಎಲ್ಲರೂ ಕಾದು ಬೇಸತ್ತ ಮೇಲೆ ಬಂದಳು. ಬಂದವಳೇ ಕಾಲಿಗೆ ನೀರು ಹಾಕಿಕೊಂಡು, “ಗುಂಡುಕಲ್ಲಿಂದು ಆತೇನ?” ಎಂದಳು. ಯಾರೋ “ಆಗೇತಿ, ಆಗೇತಿ” ಅಂದರು. ತೊಟ್ಟಿಲಲ್ಲಿ ಕುಂಚಿಗೆ ತೊಟ್ಟ ಗಂಟು ಮಲಗಿತ್ತು. ಅಕ್ಕ ಸೀದಾ ಹೋಗಿ ಬಗ್ಗಿದಳು. “ಕುರ್ರ್...” ಎಂದು ನಮ್ಮಪ್ಪನ ಹೆಸರನ್ನು ಊರಿಗೆ ಕೇಳುವ ಹಾಗೆ ಹೇಳಿದಳು. ಹೆಂಗಸರು ದಬದಬ ಗುದ್ದಿದರು.

ಗಂಡಸರ ಜೊತೆ ಹೊರಗಿನ ಕೋಣೆಯಲ್ಲಿದ್ದ ನಾನು ಆಗ ಟೇಬಲ್ಲಿನ ಕಡೆ ನೋಡಿದೆ. ವಿಮಾನ ಇರಲಿಲ್ಲ. ಅದರ ಜಾಗದಲ್ಲಿ ಗುಂಡುಕಲ್ಲು ಎಣ್ಣೆ ಹಚ್ಚಿಕೊಂಡು ಬರಿಮೈಯಲ್ಲಿ ಮಿಂಚುತ್ತ ಕೂತಿತ್ತು.

“ಗುದ್ದಬ್ಯಾಡ್ರಿ! ಅಕ್ಕಗ ಗುದ್ದಬ್ಯಾಡ್ರಿ!” ಎಂದು ಚೀರುತ್ತ ಒಳಗೆ ಓಡಿದೆ.

“ಅಕ್ಕನ ಮ್ಯಾಲ ಎಷ್ಟು ಜೀವ ನೋಡ್ರಿ ಇವಂದು!” ಎಂದು ಹೆಂಗಸರು ಇನ್ನೆರಡು ಜಾಸ್ತಿ ಗುದ್ದಿದರು. ಅಕ್ಕನ ಕೆನ್ನೆ ಕುಂಚಿಗೆಯೊಳಗೆ ಹೋಯಿತು.

“ಅಯ್ಯ, ಮೂಗು ಎಷ್ಟು ಚೂಪೈತಿ! ನಮ್ಮ ಮನಿತನದ್ದ ಮೂಗು” ಎಂದಳು ಅಕ್ಕ ಬಗ್ಗಿದಲ್ಲಿಂದಲೇ. ಮರುಕ್ಷಣ ದನಿ ಬದಲಾಯಿತು. “ಯವ್ವಾ, ಮೂಗು ತಿರಗತೈತಿ!”

ಕುಂಚಿಗೆ ಸರಿಸಿದಳು. “ಅಯ್ಯೋ ಶಿವನ! ಕೂಸಿಗೆ ರೆಕ್ಕಿ ಬಂದಾವ!”

ಅದೇ ಹೊತ್ತಿಗೆ ಹೆಂಡತಿ ಒಳಗಿನಿಂದ ನಿಜವಾದ ಕೂಸನ್ನು ಎತ್ತಿಕೊಂಡು ಬಂದಳು. ಬಾಜೂ ಮನೆಯ ಅಜ್ಜಿ ಇಬ್ಬರನ್ನೂ ನೋಡಿ ಗಾಬರಿಯಿಂದ ಕೇಳಿದಳು, “ಹಂಗಾರ ಇದು ಯಾರ ಕೂಸು?”

ಎಲ್ಲರೂ ಮಗಳನ್ನು ಹುಡುಕಿದರು. ತೊಟ್ಟಿಲಿನ ಕೆಳಗೇ ಇದ್ದಳು. “ಗುಂಡುಕಲ್ಲಿಗೆ ಕುಂಚಿಗಿ ಹಾಕಿ ತೂಗ್ತೀರಿ. ಅಪ್ಪನ ಇಮಾನಾ ಏನ್ ಪಾಪ ಮಾಡೇತಿ?” ಎಂದಳು.

ಈಗ ಹೆಸರಿನ ಪ್ರಶ್ನೆ ಎದ್ದಿತು. ತೊಟ್ಟಿಲಲ್ಲಿ ಕುರ್ರ್ ಎಂದು ಇಟ್ಟ ಹೆಸರನ್ನು ತಿರುಗಿ ಪಡೆಯಲು ಬರುವುದಿಲ್ಲ ಎಂದು ನಮ್ಮವ್ವ ತೀರ್ಪು ಕೊಟ್ಟಳು. ಹೀಗೆ, ಬಸ್ಸಿನಲ್ಲಿ ಹುಬ್ಬಳ್ಳಿ ದಾಟಿ ಹೋಗದ ನಮ್ಮಪ್ಪನ ಹೆಸರು ವಿಮಾನಕ್ಕೆ ಹೋಯಿತು. ಕೂಸಿಗೆ ನಿಂತ ಕಾಲಿನಲ್ಲಿ ಬೇರೆ ಹೆಸರು ಹುಡುಕಿ, ಅಕ್ಕ ಮತ್ತೆ ಬಗ್ಗಿ, ಮತ್ತೆ ಗುದ್ದಿಸಿಕೊಂಡಳು.

ಆಮೇಲೆ ಹೆಂಡತಿ ವಿಮಾನವನ್ನು ಕುಂಚಿಗೆಯಿಂದ ಬಿಡಿಸಿ ಬೆಳಕಿಗೆ ಹಿಡಿದಳು. ರೆಕ್ಕೆ ಮುಟ್ಟಿದಳು, ಬಾಲ ಮುಟ್ಟಿದಳು, ಚಕ್ರಗಳನ್ನು ಬೆರಳಿಂದ ತಿರುಗಿಸಿದಳು. ದಪ್ಪ ಅರಿವೆಯ ಪುಣ್ಯ, ಅಷ್ಟು ಗುದ್ದಾಟದಲ್ಲೂ ಒಂದು ಚೂರೂ ಬಿದ್ದಿರಲಿಲ್ಲ.

“ಎಲ್ಲಾ ಐತಿ” ಎಂದಳು. “ಇರ್ಲಿ ಬಿಡ್ರಿ ಟೇಬಲ್ಲು.”

ಆ ಸಂತೋಷದಲ್ಲಿ ನಾನು ಅಕ್ಕನ ಮುಂದೆ ಉಡುಗೊರೆಯ ಸೀರೆ ಹಿಡಿದೆ. ಅಕ್ಕ ಬೆನ್ನು ನೀವಿಕೊಳ್ಳುತ್ತ, “ಒಂದ ತಂದೀಯಲ್ಲೊ? ನಾ ಇವತ್ತ ಇಬ್ಬರಿಗೆ ಹೆಸರಿಟ್ಟೇನಿ” ಎಂದಳು. ಈ ಪೇಚಿನಿಂದ ಬಿಡಿಸಲಿ ಎಂದು ನಾನು ಹೆಂಡತಿಯ ಮುಖ ನೋಡಿದೆ.

ಆಕೆ ವಿಮಾನವನ್ನು ಟೇಬಲ್ಲಿನ ಮೇಲಿಟ್ಟು, ಅದರ ಹಣೆಗೂ ಒಂದು ಕಾಡಿಗೆ ಬೊಟ್ಟು ಹಚ್ಚಿ ಹೇಳಿದಳು, “ಎರಡು ಸೀರಿ ಕೊಡ್ರಿ. ಹಿರೀ ಮಗಂದು ಮೊದಲ ಕೊಡ್ರಿ.”