ಅಮ್ಮನ ಆಯಸ್ಸು, ಮಗನ ಸಿಗರೇಟು

ರಕ್ತ ತೆಗೆಯುವ ಕೆಲಸದಲ್ಲಿ ಸೂಜಿ ಚುಚ್ಚುವವಳು ನಾನಾದರೂ ಬೆಚ್ಚಿಬೀಳುವವಳೂ ಹೆಚ್ಚಾಗಿ ನಾನೇ. ತೊಂಬತ್ತು ದಾಟಿಯೂ ಗಟ್ಟಿಮುಟ್ಟಾಗಿರುವವರ ಜೀನ್‌ನಲ್ಲಿ ಅಂಥದ್ದೇನಿದೆ ಎಂದು ಹುಡುಕುವ ಡಾಕ್ಟರುಗಳಿಗೆ, ಮನೆಮನೆಗೆ ಹೋಗಿ ಆ ಹಿರಿಯರ ಮತ್ತು ಅವರ ಮಕ್ಕಳ ರಕ್ತ ತರುತ್ತೇನೆ. ಹಲಸೂರು, ಕಮ್ಮನಹಳ್ಳಿ ಎಲ್ಲ ಸುತ್ತಿದ್ದೇನೆ. ದೊಮ್ಮಲೂರಿನ ಒಂದು ಮನೆ ಕೊಟ್ಟಷ್ಟು ಗಾಬರಿ ಇನ್ನೆಲ್ಲೂ ಸಿಕ್ಕಿಲ್ಲ.

೧. ಯಾರ ತೋಳು?

ಬಾಗಿಲು ತೆರೆದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಮೊರ ಹಿಡಿದಿದ್ದರು. ಒಳಗೆ ಆರಾಮ ಕುರ್ಚಿಯಲ್ಲಿ ಮುದುಕರೊಬ್ಬರು ಕೆಮ್ಮುತ್ತಿದ್ದರು. ನಾನು ನೇರ ಹೋಗಿ ಅವರ ತೋಳಿಗೆ ಪಟ್ಟಿ ಬಿಗಿದು, "ತಾತ, ಸ್ವಲ್ಪ ನೋಯುತ್ತೆ" ಎಂದೆ.

"ಮೊದ್ಲು ಅವನಿಗ್ಯಾಕಮ್ಮ? ಅವನು ನನ್ನ ಮಗ, ಎಪ್ಪತ್ತರ ಹುಡುಗ. ತೊಂಬತ್ತಾರು ನಂಗೆ," ಎಂದರು ಮೊರ ಹಿಡಿದವರು.

ನನ್ನ ಕೈಯಿಂದ ಟ್ಯೂಬು ಜಾರಿ ಮಂಚದ ಕೆಳಗೆ ಉರುಳಿತು. ಮಗ ಸೊಂಟ ಹಿಡಿದುಕೊಂಡು ನೋಡುತ್ತಿದ್ದ. ಬಗ್ಗಿ ತೆಗೆದುಕೊಟ್ಟವರು ಅಜ್ಜಿ.

೨. ಅಮ್ಮನ ಕಡೆಯ ಆಸ್ತಿ

ಇಬ್ಬರ ರಕ್ತವೂ ಆಯಿತು. ಮಗರಾಯ ಸಿಗರೇಟು ಹಚ್ಚಿದ.

"ಇಷ್ಟು ಕೆಮ್ತಾ ಇದೀರ, ಬಿಟ್ಬಿಡಿ ಸಾರ್."

"ಏನ್ ಸಿಸ್ಟರ್, ಎಲ್ಲಾ ಜೀನ್‌ನಲ್ಲೇ ಇದೆ ಅಂತ ತಾನೇ ನೀವು ಬಂದಿರೋದು? ಅಮ್ಮನ ಜೀನ್ ನಂಗೂ ಬಂದಿದೆ. ಇನ್ನೂ ಮೂವತ್ತು ವರ್ಷ ಗ್ಯಾರಂಟಿ!"

"ಅಮ್ಮನಿಂದ ಅರ್ಧ ಮಾತ್ರ ಬರೋದು ಸಾರ್. ಅಭ್ಯಾಸಾನೂ ಮುಖ್ಯ."

"ಅದಕ್ಕೇ ನಾನೂ ದಿನಕ್ಕೆ ಅರ್ಧ ಪ್ಯಾಕೆಟ್ ಅಷ್ಟೇ ಸೇದೋದು!"

ನಾನು ನಕ್ಕೆ. ಅಜ್ಜಿ ನಗಲಿಲ್ಲ. "ಇವನ ಅಪ್ಪನ್ನ ಈ ಹೊಗೆಗೇ ಕಳಿಸ್ಕೊಟ್ಟೆ. ಇವನನ್ನೂ ಕಳಿಸಿ ನಾನೊಬ್ಳೇ ನೂರು ಮುಟ್ಟಿ ಏನ್ ಮಾಡ್ಲಿ?" ಮಗರಾಯ ಇನ್ನೊಂದು ದಮ್ಮು ಎಳೆದ.

೩. ಒಂದು ಮೊರ ತೌಡು

ಅಜ್ಜಿ ಮೊರ ಕೆಳಗಿಟ್ಟರು. "ಸಿಸ್ಟರ್ ಮುಂದೇನೇ ಹೇಳ್ಬಿಡ್ತೀನಿ. ನಿನ್ನನ್ನ ಹಿತ್ತಲಾಚೆ ಮನೆಯೋಳಿಂದ ಒಂದು ಮೊರ ತೌಡು ಕೊಟ್ಟು ತಗೊಂಡಿದ್ದು ಕಣೋ."

ಮಗನ ಬಾಯಿಂದ ಸಿಗರೇಟು ಬಿತ್ತು.

"ಯಾರು, ಆ ತಮಿಳಮ್ಮನಿಂದಾನಾ?"

"ಹೂಂ. ದೇವರಾಣೆ."

ಈಗ ಅಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಒಂದೇ: "ಅವಳು ಎಷ್ಟು ವರ್ಷ ಬದುಕಿದ್ಳು?"

"ಪಾಪ, ಐವತ್ತೂ ಮುಟ್ಲಿಲ್ಲ."

ಮಗರಾಯ ಪ್ಯಾಕೆಟನ್ನು ಕಸದ ಡಬ್ಬಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಟೇಬಿಟ್ಟ.

ನಾನು ಮಗನ ಟ್ಯೂಬನ್ನು ಚೀಲದಿಂದ ಹೊರಗೆ ತೆಗೆದೆ. "ಅಯ್ಯೋ ಅಜ್ಜಿ, ಹಾಗಾದ್ರೆ ಅವರ ರಕ್ತ ನಮಗೆ ಉಪಯೋಗಕ್ಕೇ ಬರಲ್ಲ!"

"ಬರುತ್ತೆ, ತಗೊಂಡೋಗಮ್ಮ. ಹೆತ್ತಿದ್ದು ನಾನೇ. ಇವನಿಗಿಂತ ಮುಂಚಿನ ಎರಡು ಕೂಸು ಉಳೀಲಿಲ್ಲ. ಇದು ನನ್ನ ಮಗು ಅಲ್ಲ ಅಂತ ಯಮನಿಗೆ ತೋರಿಸ್ಬೇಕಲ್ಲ? ಹಿತ್ತಲ ಗೋಡೆ ಮೇಲಿಂದ ಅವಳ ಕೈಗೆ ಕೊಟ್ಟೆ, ತೌಡು ಕೊಟ್ಟು ವಾಪಸ್ ತಗೊಂಡೆ. ಆಗ ಎಲ್ಲಾ ಹಂಗೇ ಮಾಡ್ತಿದ್ವಿ. ನಾನು ಹಾಕಿದ ಆಣೆ ಸುಳ್ಳಲ್ಲ."

"ಆದ್ರೆ ಅವರು ಪೂರ್ತಿ ನಂಬಿಬಿಟ್ರಲ್ಲ ಅಜ್ಜಿ!"

ಅಜ್ಜಿ ಮೊರ ಎತ್ತಿಕೊಂಡರು. "ಯಮನೇ ಎಪ್ಪತ್ತು ವರ್ಷದಿಂದ ನಂಬ್ಕೊಂಡು ಕೂತಿದಾನೆ. ಇವನು ಯಾವ ಲೆಕ್ಕ?"